ಸ್ಮರಣ ಸಂಚಿಕೆಯ ಬರಹಗಳಲ್ಲಿ ಯಾವ ಪದವನ್ನು ಉಳಿಸಬೇಕು, ಯಾವುದನ್ನು ತಿದ್ದಬೇಕು?

ಪ್ರಶ್ನೆ: ಡೊಂಬಿವಲಿಯಿಂದ

ಮುಂಬಯಿ ಬಳಿಯ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಬಂದ ಬರಹಗಳನ್ನು ತಿದ್ದಿ ಅಚ್ಚಿಗೆ ಸಿದ್ಧಪಡಿಸುವ ಹೊಣೆ ಈ ಸಲ ನನ್ನ ಪಾಲಿಗೆ ಬಂದಿದೆ. ಬರೆದವರಲ್ಲಿ ಉಡುಪಿ ಕಡೆಯಿಂದ ಬಂದು ಹೋಟೆಲು ನಡೆಸಿದ ಹಿರಿಯರಿದ್ದಾರೆ, ವಿಜಯಪುರ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದ ಗೃಹಿಣಿಯರಿದ್ದಾರೆ, ಇಲ್ಲಿಯೇ ಹುಟ್ಟಿ ಬೆಳೆದವರೂ ಇದ್ದಾರೆ. ಒಬ್ಬರ ಕನ್ನಡ ಇನ್ನೊಬ್ಬರದರಂತಿಲ್ಲ. ಹೋಟೆಲಿನ ಹಿರಿಯರು ಹೀಗೆ ಬರೆದಿದ್ದಾರೆ: "ತದನಂತರ ಸದರಿ ಉಪಾಹಾರಗೃಹದ ಆಡಳಿತವು ನನ್ನಿಂದ ವಹಿಸಿಕೊಳ್ಳಲ್ಪಟ್ಟಿತು." ವಿಜಯಪುರದ ತಾಯಿಯೊಬ್ಬರು ಚಾಳಿನಲ್ಲಿ, ಅಂದರೆ ಒಂದೊಂದೇ ಕೋಣೆಯ ಮನೆಗಳ ವಠಾರದಲ್ಲಿ, ಕಳೆದ ದಿನಗಳನ್ನು ಕುರಿತು ಬರೆದದ್ದು ಹೀಗಿದೆ: "ಸೂಟಿ ಇದ್ದ ದಿನ ಮೂರು ಮನೆಯ ಹುಡುಗರು ನಮ್ಮ ಖೋಲಿಯೊಳಗೇ ಕೂಡಿ ಉಣ್ಣುತ್ತಿದ್ದರು, ಪಗಾರ ಆದ ದಿನ ಮಾತ್ರ ಸಿಹಿ ಇರುತ್ತಿತ್ತು."

ಸಂಚಿಕೆಯುದ್ದಕ್ಕೂ ಒಂದೇ ಬಗೆಯ ಶುದ್ಧ ಗ್ರಾಂಥಿಕ ಕನ್ನಡವಿರಬೇಕು, ಮರಾಠಿ ಪದಗಳನ್ನೆಲ್ಲ ತೆಗೆಯಬೇಕು ಎಂಬುದು ಸಮಿತಿಯ ಕೆಲವರ ಆಗ್ರಹ. ಬಂದದ್ದನ್ನು ಬಂದಂತೆಯೇ ಅಚ್ಚು ಹಾಕಿಸಿ ಎನ್ನುವವರೂ ಇದ್ದಾರೆ. ಈ ಎರಡರಲ್ಲಿ ಯಾವುದೂ ನನಗೆ ಒಪ್ಪಿಗೆಯಾಗುತ್ತಿಲ್ಲ. ಶೈಲಿ ಎಂದರೆ ಪದಗಳ ಆಯ್ಕೆ ಮಾತ್ರವೇ? ಒಂದು ಪದವನ್ನು ಉಳಿಸುವುದಕ್ಕೆ ಅಥವಾ ಬದಲಿಸುವುದಕ್ಕೆ ಅಳತೆಗೋಲು ಯಾವುದಿರಬೇಕು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಾಟುಂಗಾದಿಂದ

ಮಾನ್ಯರೇ, ತಾವು ಕೊಟ್ಟ ಎರಡು ವಾಕ್ಯಗಳಲ್ಲಿ ತಿದ್ದಬೇಕಾದದ್ದು ಮೊದಲನೆಯದೇ ಹೊರತು ಎರಡನೆಯದಲ್ಲ. ಆದರೆ ತಿದ್ದುವವರ ಕೆಂಪು ಶಾಯಿ ಸಾಮಾನ್ಯವಾಗಿ ಎರಡನೆಯದರ ಮೇಲೆಯೇ ಮೊದಲು ಬೀಳುತ್ತದೆ, ಏಕೆಂದರೆ ಬೇರೆ ನುಡಿಯ ಪದ ತಟ್ಟನೆ ಕಣ್ಣಿಗೆ ಬೀಳುವಂತೆ ಜಡವಾದ ವಾಕ್ಯ ಬೀಳುವುದಿಲ್ಲ.

ಸೂಟಿಯನ್ನು ಹೊಡೆದುಹಾಕಿ ರಜೆ ಎಂದು ಬರೆದರೆ ಕನ್ನಡ ಶುದ್ಧವಾಯಿತೆಂದು ತಿಳಿಯುವವರು ಬಹಳ ಮಂದಿ ಇದ್ದಾರೆ. ಸೂಟಿ ಮರಾಠಿಯ ಕಡೆಯಿಂದ ಬಂದದ್ದು ನಿಜ, ಆದರೆ ರಜೆ ಬಂದದ್ದು ಅರಬ್ಬಿಯಿಂದ. ಪಗಾರವಂತೂ ಪೋರ್ಚುಗೀಸರ ಮಾತು. ಅದು ಮರಾಠಿಯಲ್ಲೂ ನೆಲೆಸಿತು, ನಮ್ಮಲ್ಲೂ ನೆಲೆಸಿತು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ವರೆಗೆ ಮುಂಬಯಿಯ ಆಡಳಿತದಲ್ಲಿಯೇ ಇದ್ದವು. ಮೈಸೂರಿನವರು ಅಮಲ್ದಾರ ಎಂದು ಕರೆದ ಅಧಿಕಾರಿಯನ್ನು ಆ ಕಡೆಯವರು ಮಾಮಲೇದಾರ ಎಂದರು, ಶಾನುಭೋಗ ಎಂಬಲ್ಲಿ ಕುಲಕರ್ಣಿ ಎಂದರು. ಆದ್ದರಿಂದ ವಿಜಯಪುರದವರೊಬ್ಬರು ತಮ್ಮ ಅಜ್ಜನ ಕಾಲವನ್ನು ನೆನೆದು ಬರೆದ ಬರಹದಲ್ಲಿ ಕುಲಕರ್ಣಿಯನ್ನು ಶಾನುಭೋಗ ಎಂದು ತಿದ್ದಿದರೆ ಭಾಷೆ ಉತ್ತಮವಾಗುವುದಿಲ್ಲ. ಓದುಗನಿಗೆ ಆ ಊರು ಹಳೆಯ ಮೈಸೂರು ಸೀಮೆಯದೆಂಬ ಸುಳ್ಳು ಸುದ್ದಿ ಮುಟ್ಟುತ್ತದೆ.

ಖೋಲಿಯ ವಿಷಯವೂ ಅಂಥದೇ. ಕೊಠಡಿ ಎಂಬುದು ಮನೆಯ ಒಂದು ಭಾಗ. ಪರೇಲ್, ಲಾಲ್‌ಬಾಗ್ ಕಡೆಯ ಗಿರಣಿ ಚಾಳುಗಳಲ್ಲಿ ಖೋಲಿ ಎಂದರೆ ಇಡೀ ಮನೆ: ಒಲೆ, ಮೂಲೆಯಲ್ಲೊಂದು ಮೋರಿ, ಹಗಲಿಗೆ ಸುತ್ತಿಟ್ಟ ಹಾಸಿಗೆಗಳು, ಎಲ್ಲವೂ ಅದರೊಳಗೇ. ಕೊಠಡಿ ಎಂದು ತಿದ್ದಿದ ಕೂಡಲೇ ಆ ತಾಯಿಯ ವಾಕ್ಯದ ಇಕ್ಕಟ್ಟು ಮಾಯವಾಗುತ್ತದೆ. ಮೂರು ಮನೆಯ ಹುಡುಗರು ಅಲ್ಲಿ ಕೂಡಿ ಉಂಡರು ಎಂಬುದಕ್ಕೆ ಆ ಇಕ್ಕಟ್ಟಿನಿಂದಲೇ ಬೆಲೆ ಬಂದಿದೆ.

ಒಂದೇ ಬಗೆಯ ಕನ್ನಡವಿರಲಿ ಎನ್ನುವ ಸಮಿತಿಯವರಿಗೆ ಕವಿರಾಜಮಾರ್ಗದ ಮಾತನ್ನು ತಿಳಿಸಬಹುದು. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡವನ್ನು "ಕನ್ನಡಂಗಳ್" ಎಂದು ಬಹುವಚನದಲ್ಲಿ ಕರೆಯುತ್ತದೆ. ದೇಸಿಗಳು, ಅಂದರೆ ಆಯಾ ಸೀಮೆಯ ನುಡಿಬಗೆಗಳು, ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷವನ್ನು ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತು ಎನ್ನುತ್ತದೆ. ವಾಸುಕಿಗೆ ಆಗದ ಕೆಲಸವನ್ನು ಸಮಿತಿಯ ಒಂದು ಸಭೆ ಮುಗಿಸಲಾರದು.

ಉತ್ತರ: ಪುಣೆಯ ಕೊಥ್ರೂಡಿನಿಂದ

ಮಾಟುಂಗಾದವರ ಮಾತಿಗೆ ಪೂರಕವಾಗಿ ವಾಕ್ಯರಚನೆಯ ವಿಚಾರವನ್ನು ಹೇಳಬೇಕೆನಿಸುತ್ತದೆ. ನನ್ನ ತಿಳಿವಳಿಕೆಯಲ್ಲಿ ಶೈಲಿ ಕೆಡುವುದು ನಾಮಪದದಿಂದ ಅಲ್ಲ, ಕ್ರಿಯಾಪದದಿಂದ ಮತ್ತು ವಾಕ್ಯಗಳನ್ನು ಜೋಡಿಸುವ ಬಗೆಯಿಂದ.

ಮರಾಠಿ ವಾತಾವರಣದಲ್ಲಿ ಇರುವ ನಾವು ಪಗಾರ, ಖೋಲಿಗಳಿಗೆ ಹೆದರುತ್ತೇವೆ. ಆದರೆ "ಯಾವ ಸಭೆಯಲ್ಲಿ ಈ ನಿರ್ಣಯ ಆಯಿತೋ ಆ ಸಭೆಗೆ ಅಧ್ಯಕ್ಷರು ಬಂದಿರಲಿಲ್ಲ" ಎಂಬ ವಾಕ್ಯವನ್ನು ತಡೆಯಿಲ್ಲದೆ ಬಿಟ್ಟುಬಿಡುತ್ತೇವೆ. ಇದರ ಪದಗಳಲ್ಲಿ ಯಾರೂ ತಪ್ಪು ಹುಡುಕಲಾರರು. ನಡಿಗೆ ಮಾತ್ರ ಮರಾಠಿಯ "ಜ್ಯಾ... ತ್ಯಾ" ಜೋಡಿಯದು. "ಈ ನಿರ್ಣಯವಾದ ಸಭೆಗೆ ಅಧ್ಯಕ್ಷರು ಬಂದಿರಲಿಲ್ಲ" ಎಂದರೆ ಸಾಕು. ಆದ, ಬಂದ, ಹೇಳಿದ ಎಂಬ ಕೃದಂತಗಳು ಕನ್ನಡಕ್ಕೆ ಇರುವುದೇ ಇಂಥ ಕೆಲಸಕ್ಕಾಗಿ. ಯಾವ-ಆ ಜೋಡಿ ಎಲ್ಲೂ ಸಲ್ಲದೆಂದು ನಾನು ಹೇಳುತ್ತಿಲ್ಲ. ಗಾದೆಯಲ್ಲಿ, ಒತ್ತು ಬೇಕಾದಲ್ಲಿ ಅದು ಚೆನ್ನಾಗಿಯೇ ಒಪ್ಪುತ್ತದೆ. ಪುಟಕ್ಕೆ ಐದಾರು ಸಲ ಬಂದಾಗ ಮಾತ್ರ ಬರಹ ಅನುವಾದದಂತೆ ಕಾಣುತ್ತದೆ.

ಹೋಟೆಲಿನ ಹಿರಿಯರ ವಾಕ್ಯಕ್ಕೆ ಬರುತ್ತೇನೆ. ಉಡುಪಿ ಕಡೆಯ ಬಹುಮಂದಿಗೆ ಮನೆಮಾತು ತುಳು. ಕನ್ನಡವನ್ನು ಅವರು ಶಾಲೆಯಲ್ಲಿ, ಮುಂಬಯಿಗೆ ಬಂದ ಮೇಲೆ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ, ಪುಸ್ತಕದಿಂದಲೇ ಕಲಿತರು. ಹಾಗಾಗಿ ತದನಂತರ, ಸದರಿ ಎಂಬ ಪದಗಳು ಅವರ ಲೇಖನಿಗೆ ಆಡಂಬರಕ್ಕಾಗಿ ಬಂದವಲ್ಲ. ಅವರು ಕಲಿತ ಕನ್ನಡವೇ ಅದು. ಅದನ್ನು ಧಾರವಾಡದ ಆಡುಮಾತಿಗೆ ತಿರುಗಿಸಿದರೆ ಎದುರಿಗೆ ಬೇರೆಯೇ ಒಬ್ಬ ಮನುಷ್ಯ ನಿಲ್ಲುತ್ತಾನೆ. ಆದರೆ "ನನ್ನಿಂದ ವಹಿಸಿಕೊಳ್ಳಲ್ಪಟ್ಟಿತು" ಎಂಬುದನ್ನು ನಿಸ್ಸಂಕೋಚವಾಗಿ ತಿದ್ದಬಹುದು. ಹೋಟೆಲನ್ನು ವಹಿಸಿಕೊಂಡವರು ಅವರೇ, ಆ ಕಥೆಯ ನಾಯಕರೂ ಅವರೇ; ಕರ್ಮಣಿ ಪ್ರಯೋಗ ಅವರನ್ನು ಅವರದೇ ಜೀವನದಿಂದ ಹಿಂದಕ್ಕೆ ಸರಿಸುತ್ತದೆ. "ತದನಂತರ ಆ ಉಪಾಹಾರಗೃಹದ ಆಡಳಿತವನ್ನು ನಾನು ವಹಿಸಿಕೊಂಡೆ" ಎಂದು ಬರೆದರೆ ಅವರ ಗ್ರಾಂಥಿಕ ಧಾಟಿಯೂ ಉಳಿಯುತ್ತದೆ, ವಾಕ್ಯವೂ ಎದ್ದು ನಿಲ್ಲುತ್ತದೆ. ಸದರಿಯನ್ನು ನಾನು ಕಚೇರಿಯ ಅರ್ಜಿಗಳಿಗೆ ಬಿಟ್ಟುಕೊಡುತ್ತೇನೆ, ಇದು ನನ್ನ ವೈಯಕ್ತಿಕ ಅಭಿರುಚಿ.

ಇಷ್ಟರ ಮೇಲೂ ಒಂದು ಎಚ್ಚರ ಬೇಕು. ಮುಳುಗುಂದದ ಕವಿ ನಯಸೇನ 1112ರಲ್ಲೇ ಸಂಸ್ಕೃತವನ್ನೂ ಕನ್ನಡವನ್ನೂ ಸಲ್ಲದಂತೆ ಬೆರೆಸುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರೆಂದು ಹಂಗಿಸಿದ್ದಾನೆ. ಅದೇ ಹೊತ್ತಿಗೆ ಅವನ ಪದ್ಯದಲ್ಲಿ ಆ ತುಪ್ಪವೂ ಎಣ್ಣೆಯೂ "ಘೃತ", "ತೈಲ" ಎಂಬ ಸಂಸ್ಕೃತ ಪದಗಳಾಗಿಯೇ ಕಾಣಿಸಿಕೊಳ್ಳುತ್ತವೆ! ಅವನ ಆಕ್ಷೇಪ ಎರವಲು ಪದದ ಮೇಲಲ್ಲ, ಹದ ತಪ್ಪಿದ ಬೆರಕೆಯ ಮೇಲೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. "ಖೋಲಿಯೊಳಗೇ ಕೂಡಿ ಉಣ್ಣುತ್ತಿದ್ದರು" ಎಂಬಲ್ಲಿ ಹದವಿದೆ. ಅದೇ ತಾಯಿ "ಖೋಲಿಯಲ್ಲಿ ಸಹಭೋಜನ ಏರ್ಪಡುತ್ತಿತ್ತು" ಎಂದು ಬರೆದಿದ್ದರೆ ನಾನು ತಿದ್ದುತ್ತಿದ್ದೆ, ಖೋಲಿಯನ್ನಲ್ಲ, ಸಹಭೋಜನವನ್ನು.

ಉತ್ತರ: ಗೋವೆಯ ವಾಸ್ಕೋದಿಂದ

ಇಬ್ಬರೂ ಬರೆಯುವವರ ಬಗ್ಗೆ ಹೇಳಿದ್ದೀರಿ, ಓದುವವರ ಬಗ್ಗೆ ಹೇಳಲಿಲ್ಲ. ಸಂಚಿಕೆಯನ್ನು ನಮ್ಮ ಮಕ್ಕಳೂ ಓದಬೇಕಲ್ಲವೇ? ಮರಾಠಿ ಅಥವಾ ಕೊಂಕಣಿ ಕೇಳುತ್ತ ಬೆಳೆದವರಿಗೆ ಅಚ್ಚಗನ್ನಡವೇ ಸುಲಭ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಪ್ರಯತ್ನ, ಜವಾಬ್ದಾರಿ, ವಿಷಯ ಎಂಬ ಪದಗಳು ಅವರಿಗೆ ಕೂಡಲೇ ಹೊಳೆಯುತ್ತವೆ. ಹೊಣೆ, ಏರ್ಪಾಡು, ಒಕ್ಕಣೆ ಎಂದರೆ ನಿಂತುಬಿಡುತ್ತಾರೆ. ಇನ್ನೊಂದು ತೊಡಕೂ ಇದೆ. ನೋಡಲು ಒಂದೇ ಆಗಿದ್ದು ಅರ್ಥ ಬೇರೆಯಾದ ಪದಗಳು ಅವರನ್ನು ದಾರಿ ತಪ್ಪಿಸುತ್ತವೆ. ಮರಾಠಿಯಲ್ಲಿ ಅಭ್ಯಾಸ ಎಂದರೆ ಓದು, ನಮ್ಮಲ್ಲಿ ರೂಢಿ; ಅಲ್ಲಿ ಅನುಮಾನ ಎಂದರೆ ಊಹೆ, ನಮ್ಮಲ್ಲಿ ಸಂದೇಹ. "ಅಜ್ಜನಿಗೆ ಬೆಳಿಗ್ಗೆ ಬೇಗ ಏಳುವ ಅಭ್ಯಾಸವಿತ್ತು" ಎಂಬುದರಲ್ಲಿ ಸಮಸ್ಯೆಯಿಲ್ಲ, ಏಳುವ ಎಂಬ ಪದ ಕೈ ಹಿಡಿಯುತ್ತದೆ. "ಅಜ್ಜನ ಅಭ್ಯಾಸ ಚೆನ್ನಾಗಿತ್ತು" ಎಂದು ಬಿಟ್ಟರೆ ನನ್ನ ಮಗಳು ಅಜ್ಜ ಜಾಣ ವಿದ್ಯಾರ್ಥಿಯಾಗಿದ್ದರೆಂದೇ ತಿಳಿಯುತ್ತಾಳೆ. ಇಂಥ ಕಡೆ ಪದವನ್ನು ಬದಲಿಸುವುದಕ್ಕಿಂತ ಅರ್ಥ ಸ್ಪಷ್ಟವಾಗುವಂತೆ ಪಕ್ಕದಲ್ಲಿ ಇನ್ನೊಂದು ಪದ ಇಡುವುದು ಲೇಸು.

ಪ್ರಶ್ನೆ ಕೇಳಿದವರು: ಡೊಂಬಿವಲಿಯಿಂದ

ತಮಗೆಲ್ಲರಿಗೂ ಕೃತಜ್ಞತೆಗಳು. ಕೊಥ್ರೂಡಿನವರು ತಿದ್ದಿದ ವಾಕ್ಯವನ್ನು ಹೋಟೆಲಿನ ಹಿರಿಯರಿಗೆ ಓದಿ ತೋರಿಸಿದೆ. ಅವರು ಒಪ್ಪಿದರು, ಆದರೆ ಸದರಿಯನ್ನು ಬಿಡಲು ಒಪ್ಪಲಿಲ್ಲ. ಅದು ಇರಲಿ ಎಂದು ಬಿಟ್ಟಿದ್ದೇನೆ. ಖೋಲಿ, ಸೂಟಿ, ಪಗಾರಗಳು ಹಾಗೆಯೇ ಉಳಿಯುತ್ತವೆ. ಇನ್ನು ಒಂದು ಸಣ್ಣ ಸಂಶಯ: ಬರಹಗಳಲ್ಲಿ ಮುಂಬಯಿ, ಮುಂಬೈ, ಬೊಂಬಾಯಿ ಎಂದು ಮೂರು ರೂಪಗಳಿವೆ. ಇವನ್ನಾದರೂ ಒಂದಾಗಿಸಬಹುದೇ?

ಉತ್ತರ: ಮಾಟುಂಗಾದಿಂದ

ಲೇಖಕರು ತಾವಾಗಿ ಹೇಳುವ ಕಡೆಯಲ್ಲೆಲ್ಲ ಮುಂಬಯಿ ಎಂದು ಒಂದಾಗಿಸಬಹುದು; ಕಾಗುಣಿತದಲ್ಲಿ ಏಕರೂಪ ತರುವುದರಿಂದ ಯಾರ ಧಾಟಿಗೂ ಹಾನಿಯಿಲ್ಲ. ಬೊಂಬಾಯಿ ಯಾರದಾದರೂ ಬಾಯಲ್ಲಿ ಬಂದಿದ್ದರೆ, ಅಂದರೆ ಉದ್ಧರಣ ಚಿಹ್ನೆಯೊಳಗೆ ಇದ್ದರೆ, ಅದನ್ನು ಮುಟ್ಟಬೇಡಿ. ಪುಣೆ, ಪೂನಾಗಳಿಗೂ ಇದೇ ಕ್ರಮವನ್ನು ಅನುಸರಿಸಿ, ಅಚ್ಚಿಗೆ ಕೊಡುವ ಮೊದಲು ಇಂಥ ಹೆಸರುಗಳ ಒಂದು ಪಟ್ಟಿ ಮಾಡಿ ಕರಡು ತಿದ್ದುವವರ ಕೈಗೆ ಕೊಡಿ.