ಫರ್ಸಿ ಗಣಿಯಲ್ಲಿ ಚಪ್ಪಟೆ ಕಲ್ಲು, ಗೋಗಿ ಹತ್ತಿರ ಬಾಗಿದ ಕಲ್ಲು. ಯಾಕೆ?

ಪ್ರಶ್ನೆ: ಸರ್, ನಮ್ಮದು ಚಿತ್ತಾಪುರ ತಾಲ್ಲೂಕು. ಇಲ್ಲಿಯ ಗಣಿಗಳಲ್ಲಿ ಶಹಾಬಾದ್ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಪದರ ಪದರವಾಗಿ ಸಮನಾಗಿ ಮಲಗಿರುತ್ತದೆ. ಯಾದಗಿರಿ ಜಿಲ್ಲೆಯ ಗೋಗಿ ಕಡೆ ಹೋದಾಗ ಅದೇ ಥರದ ಕಲ್ಲು ಓರೆಯಾಗಿ ನಿಂತಿತ್ತು, ಒಂದು ಕಡೆ ಕಮಾನಿನ ಹಾಗೆ ಬಾಗಿತ್ತು. ಫರ್ಸಿಗೆ ಸುತ್ತಿಗೆ ಏಟು ಬಿದ್ದರೆ ಒಡೆಯುತ್ತೆ ಅಲ್ವಾ? ಅದು ಬಾಗಿದ್ದು ಹೇಗೆ? ಕೆಸರಾಗಿದ್ದಾಗಲೇ ಬಾಗಿತ್ತಾ?

ಉತ್ತರ: ಸರಿಯಾದ ಜಾಗವನ್ನೇ ನೋಡಿದ್ದೀರಿ. ಎರಡೂ ಕಡೆ ಇರುವುದು ಹಳೆಯ ಸಮುದ್ರದ ತಳದಲ್ಲಿ ಕೂತ ಸುಣ್ಣಕಲ್ಲೇ. ನಿಮ್ಮ ಕಡೆ ಅದಕ್ಕೆ ಪಕ್ಕದಿಂದ ಬಿದ್ದ ಒತ್ತಡ ಕಡಿಮೆ. ಗೋಗಿ ಹತ್ತಿರ ದೊಡ್ಡ ಸ್ತರಭಂಗ ಹಾದಿದೆ, ಅಂದರೆ ನೆಲ ಸೀಳಿ ಎರಡೂ ಬದಿ ಸರಿದ ಜಾಗ. ಅದರ ಗುಂಟವೇ ಅಲ್ಲಿ ಯುರೇನಿಯಂ ಸಿಕ್ಕಿರುವುದು. ನೆಲ ಸರಿಯುವಾಗ ಅಕ್ಕಪಕ್ಕದ ಪದರಗಳೂ ಎಳೆತಕ್ಕೆ ಸಿಕ್ಕು ಓರೆಯಾದವು, ಬಾಗಿದವು. ಸ್ತರಭಂಗದಿಂದ ದೂರ ಹೋದಂತೆ ಮತ್ತೆ ಚಪ್ಪಟೆ ಕಲ್ಲೇ ಸಿಗುತ್ತದೆ.

ಸುತ್ತಿಗೆ ಏಟು ಒಂದು ಕ್ಷಣದ್ದು. ನೆಲದೊಳಗಿನ ಒತ್ತಡ ಲಕ್ಷಗಟ್ಟಲೆ ವರ್ಷದ್ದು. ಮೇಲಿನ ಭಾರಕ್ಕೆ ಬಿರುಕು ಬಾಯಿ ಬಿಡುವುದೇ ಕಷ್ಟ. ಆಳಕ್ಕೆ ಇಳಿದಂತೆ ಕಿಲೋಮೀಟರಿಗೆ 25 ಡಿಗ್ರಿ ಆಸುಪಾಸು ಬಿಸಿಯೂ ಏರುತ್ತದೆ. ಒತ್ತಡ ಜಾಸ್ತಿ ಇದ್ದಲ್ಲಿ ಸುಣ್ಣಕಲ್ಲು ಒಳಗಿನ ನೀರಿನಲ್ಲಿ ಚೂರುಚೂರೇ ಕರಗಿ, ಕಡಿಮೆ ಇದ್ದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಪದರಗಳು ಒಂದರ ಮೇಲೊಂದು ಜಾರುವುದೂ ಅಷ್ಟೇ ಮುಖ್ಯ. ನೋಟ್‌ಬುಕ್ ಬಾಗಿಸಿ ಅದರ ಅಂಚು ನೋಡಿ: ಹಾಳೆ ಹರಿದಿರುವುದಿಲ್ಲ, ಸರಿದಿರುತ್ತವೆ. ಕಲ್ಲಿನ ನಡುವೆ ಜೇಡಿಯಂಥ ಮೆದು ಪದರ ಇದ್ದರೆ ಜಾರಲು ಇನ್ನೂ ಸುಲಭ. ದಪ್ಪ, ಗಟ್ಟಿ ಪದರದ ಮಡಿಕೆ ಅಗಲವಾಗಿರುತ್ತದೆ. ತೆಳು ಪದರದಲ್ಲಿ ಸಣ್ಣ ಸಣ್ಣ ಮಡಿಕೆ.

ಇನ್ನೊಬ್ಬರು: ಕೆಸರಿನ ಮಾತು ಉಳಿದೇ ಹೋಯ್ತಲ್ಲ ಸರ್?

ಉತ್ತರ: ಹೌದು, ಅದೂ ಆಗುತ್ತದೆ. ಸಮುದ್ರದ ತಳ ಇಳಿಜಾರಾಗಿದ್ದರೆ ಹಸಿ ಕೆಸರು ಜಾರಿ ಸುರುಳಿ ಸುತ್ತುತ್ತದೆ. ಆಗ ಮಡಿಕೆ ಸಾಮಾನ್ಯವಾಗಿ ಒಂದೆರಡು ಪದರದಲ್ಲಷ್ಟೇ ಇರುತ್ತದೆ, ಅದರ ಮೇಲಿನ ಪದರ, ಕೆಳಗಿನ ಪದರ ಎರಡೂ ಚಪ್ಪಟೆ. ಕಲ್ಲಾದ ಮೇಲೆ ಬಾಗಿದ್ದರೆ ಇಡೀ ಕಟ್ಟು ಒಟ್ಟಿಗೇ ಬಾಗಿರುತ್ತದೆ. ಕಮಾನಿನ ಹೊರಮೈ ಎಳೆತಕ್ಕೆ ಬಿರಿದು, ಆ ಬಿರುಕಿನಲ್ಲಿ ಬಿಳಿ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಮುಖ್ಯ ಖನಿಜ) ಗೆರೆಗಳು ತುಂಬಿರುವುದುಂಟು. ಪದರದ ಮೈಮೇಲೆ ಜಾರಿದ ನುಣುಪು ಗೀರುಗಳೂ ಇರಬಹುದು, ಬೆರಳಾಡಿಸಿದರೆ ಗೊತ್ತಾಗುತ್ತದೆ.

ಮತ್ತೆ ಆ ಕಡೆ ಹೋದರೆ ಬಾಗಿದ ತುಂಡಿನದ್ದಷ್ಟೇ ಫೋಟೋ ಬೇಡ. ಪಕ್ಕಕ್ಕೊಂದು ಪೆನ್ನಿಟ್ಟು, ಮೇಲಿನ ಕೆಳಗಿನ ಪದರವೂ ಕಾಣುವಂತೆ ತೆಗೆದು ಇಲ್ಲೇ ಹಾಕಿ.