ಹಸುವಿನ ಮೀಥೇನ್ ಇಳಿಸೋಕೆ ಮೇವಿಗೆ ಏನು ಬೆರೆಸಬೇಕು? (40 ಹಸು, ಪುಣೆ ಹತ್ತಿರ)

ಉರುಳಿ ಕಾಂಚನ್ ಹಾಲು
ನಮಸ್ಕಾರ. 40 ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಸರಾಸರಿ 450 ಕಿಲೋ ತೂಕ, ದಿನಕ್ಕೆ 14 ಲೀಟರ್ ಹಾಲು. ತಲೆಗೆ 18 ಕಿಲೋ ಮೆಕ್ಕೆಜೋಳದ ಮುರ್ಘಾಸ್ (ಸೈಲೇಜ್), 10 ಕಿಲೋ ಹಸಿಮೇವು, 2 ಕಿಲೋ ಜೋಳದ ಕಣಿಕೆ, 6 ಕಿಲೋ ದಾಣಿ (ಹಿಂಡಿ-ಬೂಸಾ ಮಿಶ್ರಣ). ದಾಣಿ ಹಾಕೋದು ಎರಡು ಹೊತ್ತು, ಕರೆಯುವಾಗ ಮಾತ್ರ. ಹಾಲು ಕೊಳ್ಳುವವರು ಮೀಥೇನ್ ಲೆಕ್ಕ ಕೇಳ್ತಿದ್ದಾರೆ. 3-ಎನ್‌ಒಪಿ, ಹರಿತ್ ಧಾರಾ, ಬೈಪಾಸ್ ಫ್ಯಾಟ್, ಕಡಲಪಾಚಿ ಅಂತ ನಾಲ್ಕು ಹೆಸರು ಕೇಳಿದ್ದೇನೆ. ಯಾವುದು ಎಷ್ಟು ಹಾಕಬೇಕು? ಹಾಲು, ಫ್ಯಾಟ್ ಇಳಿಯಬಾರದು.

ಮೇವು ಲೆಕ್ಕ, ಬಾರಾಮತಿ
ಮೊದಲು ಒಣ ಅಂಶ, ಅಂದರೆ ಮೇವಿನ ನೀರು ಕಳೆದು ಉಳಿಯುವ ತೂಕ, ಲೆಕ್ಕ ಹಾಕಿ, ಡೋಸ್ ಎಲ್ಲ ಅದರ ಮೇಲೇ ನಿಂತಿದೆ. ಮುರ್ಘಾಸ್ 30 ಶೇಕಡಾ ಹಿಡಿದರೆ 5.4 ಕಿಲೋ, ಹಸಿಮೇವು 2, ಕಣಿಕೆ 1.8, ದಾಣಿ 5.4. ಒಟ್ಟು 14.6 ಕಿಲೋ. ಒಣ ಅಂಶದ ಕಿಲೋಗೆ ಸುಮಾರು 20 ಗ್ರಾಂ ಮೀಥೇನ್ ಅಂದರೂ ಒಂದು ಹಸು ದಿನಕ್ಕೆ 290 ಗ್ರಾಂ ತೇಗಿ ಹೊರಹಾಕುತ್ತದೆ. ಮುರ್ಘಾಸ್‌ನ ತೇವ ಗುಂಡಿಯಿಂದ ಗುಂಡಿಗೆ ಬದಲಾಗುತ್ತದೆ. ವಾರಕ್ಕೊಮ್ಮೆ 100 ಗ್ರಾಂ ತೂಗಿ, ತೂಕ ಇಳಿಯೋದು ನಿಲ್ಲುವವರೆಗೂ ಒಣಗಿಸಿ ಮತ್ತೆ ತೂಗಿ.

3-ಎನ್‌ಒಪಿ ಅನ್ನೋ ರಾಸಾಯನಿಕ ರೂಮೆನ್‌ನಲ್ಲಿ (ಹಸುವಿನ ಮೊದಲ ಹೊಟ್ಟೆ) ಮೀಥೇನ್ ತಯಾರಾಗುವ ಕೊನೆಯ ಹಂತದ ಕಿಣ್ವವನ್ನೇ ತಡೆಯುತ್ತದೆ. ಕಿಲೋ ಒಣ ಅಂಶಕ್ಕೆ 60 ಮಿಲಿಗ್ರಾಂ ಅಂದರೆ ನಿಮ್ಮ ಹಸುವಿಗೆ ಸುಮಾರು 880 ಮಿಲಿಗ್ರಾಂ, 10 ಶೇಕಡಾ 3-ಎನ್‌ಒಪಿ ಇರುವ ಪುಡಿಯಾದರೆ ಹತ್ತಿರಹತ್ತಿರ 9 ಗ್ರಾಂ. ಚೆನ್ನಾಗಿ ಕೊಟ್ಟರೆ ಸುಮಾರು 30 ಶೇಕಡಾ ಇಳಿಯುತ್ತದೆ. ಆದರೆ ಅದು ರೂಮೆನ್‌ನಲ್ಲಿ ಕೆಲವೇ ಗಂಟೆಯಲ್ಲಿ ಕರಗಿ ಹೋಗುತ್ತದೆ. ಕರೆಯುವಾಗಿನ ದಾಣಿಯಲ್ಲಿ ಮಾತ್ರ ಹಾಕಿದರೆ ನಡುವಿನ ಹೊತ್ತಿನಲ್ಲಿ ಮೀಥೇನ್ ಎಂದಿನಂತೆ ಹೊರಡುತ್ತದೆ. ನಾರು ಹೆಚ್ಚಿದಷ್ಟೂ ಪರಿಣಾಮ ಕಡಿಮೆ. ಹಾಗಾಗಿ ಟಿಎಂಆರ್ (ಎಲ್ಲ ಮೇವು, ದಾಣಿ ಮಿಕ್ಸರ್‌ನಲ್ಲಿ ಒಟ್ಟಿಗೆ ಕಲಸಿ ಹಾಕುವ ಪದ್ಧತಿ) ಇಲ್ಲದೆ ಇದಕ್ಕೆ ದುಡ್ಡು ಹಾಕಬೇಡಿ ಅಂತಲೇ ನನ್ನ ಸಲಹೆ. ಟಿಎಂಆರ್ ಇದ್ದರೆ 40 ಹಸುವಿನ ಒಂದು ದಿನದ 360 ಗ್ರಾಂ ಪುಡಿಯನ್ನು ಮೊದಲು 4 ಕಿಲೋ ಗೋಧಿ ಬೂಸಾದಲ್ಲಿ, ಆಮೇಲೆ ಅದನ್ನು 20 ಕಿಲೋ ದಾಣಿಯಲ್ಲಿ ಕಲಸಿ, ಕೊನೆಗೆ ಮಿಕ್ಸರ್‌ಗೆ ಸುರಿಯಿರಿ. ನೇರ ಸುರಿದರೆ ಒಂದು ಹಸುವಿಗೆ ಮೂರು ಪಾಲು, ಇನ್ನೊಂದಕ್ಕೆ ಸೊನ್ನೆ. ಕೈಗವಸು, ಮಾಸ್ಕ್ ಬೇಕೇ ಬೇಕು.

ನೀವು ಈಗ ಹಾಕುವ ಪದ್ಧತಿಗೆ ಹರಿತ್ ಧಾರಾ ಸುಲಭ. ಬೆಂಗಳೂರಿನ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಸಂಸ್ಥೆ ಎನ್‌ಐಎಎನ್‌ಪಿ ಮಾಡಿದ್ದು, ಟ್ಯಾನಿನ್ (ಒಗರು ಅಂಶ) ಇರುವ ಗಿಡಗಳಿಂದ. ತಲೆಗೆ 500 ಗ್ರಾಂ, 17ರಿಂದ 20 ಶೇಕಡಾ ಇಳಿಕೆ. ದಾಣಿಯ ಮೇಲೆ ಹೆಚ್ಚುವರಿ ಅಂತ ಹಾಕಬೇಡಿ, ಅಷ್ಟೇ ಬೂಸಾ ತೆಗೆದು ಆ ಜಾಗಕ್ಕೆ ಹಾಕಿ. ಶುರುವಿಗೆ 125 ಗ್ರಾಂ, ಮೂರ್ನಾಲ್ಕು ದಿನಕ್ಕೊಮ್ಮೆ ಅಷ್ಟಷ್ಟೇ ಏರಿಸಿ. ಟ್ಯಾನಿನ್ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಹಿಂಡಿ ಕಡಿಮೆ ಇರುವ ಕೊಟ್ಟಿಗೆಯಲ್ಲಿ ಹಾಲು ಇಳಿಯೋದು ಇದೇ ಕಾರಣಕ್ಕೆ. ಸಗಣಿ ಗಟ್ಟಿಯಾಗಿ, ಗೋದಲಿಯಲ್ಲಿ ಮೇವು ಉಳಿಯತೊಡಗಿದರೆ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ.

ಪೋಂಡಾ ಪಶುವೈದ್ಯ
ಕಡಲಪಾಚಿ ವಿಷಯದಲ್ಲಿ ದಯವಿಟ್ಟು ಎಚ್ಚರ. ಮೀಥೇನ್ ಇಳಿಸೋದು ಆಸ್ಪರಾಗಾಪ್ಸಿಸ್ ಅನ್ನೋ ಕೆಂಪು ಪಾಚಿ, ಅದರೊಳಗಿನ ಬ್ರೋಮೋಫಾರ್ಮ್. ಗೋವಾ ದಂಡೆಯಲ್ಲಿ ರಾಶಿ ಸಿಗುವ ಕಂದು ಸರ್ಗಾಸಮ್ ಅದಲ್ಲ. ಸರಿಯಾದ ಪಾಚಿಯನ್ನೇ ತಂದರೂ ಬಿಸಿಲಿಗೆ ಹರವಿದರೆ ಬ್ರೋಮೋಫಾರ್ಮ್ ಆರಿ ಹೋಗುತ್ತದೆ, ಅಯೋಡಿನ್ ಮಾತ್ರ ಉಳಿದು ಹಾಲಿಗೆ ಇಳಿಯುತ್ತದೆ. ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ನೈಟ್ರೇಟ್ ಮಾರುವವರೂ ಬರ್ತಾರೆ. ಅದು ಮೀಥೇನ್ ಇಳಿಸೋದು ನಿಜ, ಆದರೆ ಒಮ್ಮೆಲೇ ಕೊಟ್ಟರೆ ರಕ್ತ ಆಮ್ಲಜನಕ ಹೊರಲಾರದೆ ಚಾಕೊಲೇಟ್ ಬಣ್ಣಕ್ಕೆ ತಿರುಗಿ, ಹಸು ಏದುಸಿರು ಬಿಟ್ಟು ಬೀಳುತ್ತದೆ. ಮಳೆ ಕೈಕೊಟ್ಟ ವರ್ಷ ಜೋಳದ ಹಸಿಮೇವಿನಲ್ಲೇ ನೈಟ್ರೇಟ್ ಹೆಚ್ಚಿರುತ್ತದೆ, ಅದರ ಮೇಲೆ ಇದೂ ಬೇಡ.

ಗೋರೆಗಾಂವ್ ತಬೇಲಾ
ಬೈಪಾಸ್ ಫ್ಯಾಟ್ ಬಗ್ಗೆ ಒಂದು ಮಾತು. ಅದು ರೂಮೆನ್ ದಾಟಿ ಹೋಗಲಿ ಅಂತಲೇ ಮಾಡಿದ್ದು, ಅಲ್ಲಿನ ಮೀಥೇನನ್ನು ಅದೇನು ತಡೆಯುತ್ತೆ? ಅದರ ಬದಲು ಇಡೀ ಹತ್ತಿಕಾಳು 1 ಕಿಲೋ ಕೊಡಿ, ಕೊಡುವಷ್ಟು ದಾಣಿ ಕಡಿಮೆ ಮಾಡಿ. ಸುಮಾರು 200 ಗ್ರಾಂ ಎಣ್ಣೆ ಸಿಗುತ್ತದೆ, ಮೀಥೇನ್ 5 ಶೇಕಡಾ ಆಸುಪಾಸು ಇಳಿಯುತ್ತದೆ. ಒಟ್ಟು ಕೊಬ್ಬು ಒಣ ಅಂಶದ 6 ಶೇಕಡಾ ದಾಟಿದರೆ ನಾರು ಜೀರ್ಣವಾಗದೆ ಹಾಲಿನ ಫ್ಯಾಟ್ ಬೀಳುತ್ತದೆ.

ಇನ್ನೊಂದು, ಸಗಣಿಯನ್ನು ನೀರಿನ ಜೊತೆ ಗುಂಡಿಯಲ್ಲಿ ಕೊಳೆಸ್ತಿದ್ದರೆ ಅಲ್ಲಿಂದಲೂ ಮೀಥೇನ್ ಏಳುತ್ತದೆ. ಮೇವಿಗೆ ಹಾಕಿದ್ದು ಆ ಗುಂಡಿಗೆ ನಾಟೋದಿಲ್ಲ. ಗೋಬರ್ ಗ್ಯಾಸ್ ಮಾಡಿ.

ಉರುಳಿ ಕಾಂಚನ್ ಹಾಲು
ಟಿಎಂಆರ್ ಇಲ್ಲ, ಹಾಗಾದರೆ ಹರಿತ್ ಧಾರಾ. ಕರುಗಳಿಗೂ ಕೊಡಬಹುದಾ? ಕೊಳ್ಳುವವರಿಗೆ ತೋರಿಸೋದು ಹೇಗೆ?

ಮೇವು ಲೆಕ್ಕ, ಬಾರಾಮತಿ
3 ತಿಂಗಳೊಳಗಿನ ಕರುಗೆ ಬೇಡ, ರೂಮೆನ್ ಇನ್ನೂ ಬಲಿತಿರೋದಿಲ್ಲ. ಉಸಿರಿನ ಮೀಥೇನ್ ಅಳೆಯೋ ಯಂತ್ರ ಕೊಟ್ಟಿಗೆಯಲ್ಲಿ ಇರೋದಿಲ್ಲವಲ್ಲ, ದಾಖಲೆಯೇ ಸಾಕ್ಷಿ. ಖರೀದಿ ಬಿಲ್, ಬ್ಯಾಚ್ ನಂಬರ್, ದಿನಾ ಹಾಕಿದ ತೂಕ, ಗೋದಲಿಯಲ್ಲಿ ಉಳಿದ ತೂಕ, ಹಾಲು, ಫ್ಯಾಟ್. 17 ಶೇಕಡಾ ಇಳಿಕೆ ಹಿಡಿದರೆ ಹಸುವಿಗೆ ದಿನಕ್ಕೆ 50 ಗ್ರಾಂ, 40 ಹಸುವಿಗೆ ವರ್ಷಕ್ಕೆ 730 ಕಿಲೋ ಮೀಥೇನ್ ಕಡಿಮೆ. ಮೀಥೇನ್‌ನ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 27 ಪಟ್ಟು, ಅದರಿಂದ ಗುಣಿಸಿದರೆ ಸುಮಾರು 20 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಹಾಕದೆ ಬಿಟ್ಟ ದಿನಗಳನ್ನೂ ಬರೆದಿಡಿ, ಆ ದಿನಗಳನ್ನು ಈ ಲೆಕ್ಕದಿಂದ ಕಳೆಯಬೇಕು.