ನೇತ್ರಾಣಿಗೆ ಡೈವಿಂಗ್ ಬುಕ್ ಆಗಿದೆ, ಹವಾಮಾನ ಕೆಟ್ಟಿದೆ. ಹೋಗಬಹುದಾ?

ಪ್ರಶ್ನೆ (ದಾವಣಗೆರೆಯಿಂದ): ನಮಸ್ಕಾರ ಸರ್. ನಾವು ನಾಲ್ಕು ಜನ ಸ್ನೇಹಿತರು ಬರುವ ಶನಿವಾರ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಬುಕ್ ಮಾಡಿದ್ದೇವೆ. ಎಲ್ಲರಿಗೂ ಇದೇ ಮೊದಲು. ಈಗ ನೋಡಿದರೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಟಿವಿಯಲ್ಲಿ ಬರುತ್ತಿದೆ. ಬುಕ್ ಮಾಡಿದ ಕಡೆ ಕೇಳಿದರೆ "ಬನ್ನಿ, ಬೆಳಿಗ್ಗೆ ನೋಡೋಣ" ಅನ್ನುತ್ತಾರೆ. ಅಷ್ಟು ದೂರ ಬಂದು ಸುಮ್ನೆ ವಾಪಸ್ ಹೋಗುವುದು ಬೇಜಾರು. ಮೇಲೆ ಎಷ್ಟೇ ಅಲೆ ಇದ್ದರೂ ನೀರೊಳಗೆ ಶಾಂತವಾಗಿರುತ್ತದೆ ಅಂತ ಗೆಳೆಯನೊಬ್ಬ ಹೇಳಿದ. ನಿಜಾನಾ?

ಉತ್ತರ (ಡೈವಿಂಗ್ ಇನ್‌ಸ್ಟ್ರಕ್ಟರ್): "ಬೆಳಿಗ್ಗೆ ನೋಡೋಣ" ಅಂದವರು ಸರಿಯಾಗಿಯೇ ಹೇಳಿದ್ದಾರೆ ಸರ್. ಎರಡು ದಿನ ಮೊದಲೇ "ಗ್ಯಾರಂಟಿ ಹೋಗುತ್ತೇವೆ, ಬನ್ನಿ" ಅಂದಿದ್ದರೆ ಅಲ್ಲಿಗೆ ಹೋಗಬೇಡಿ ಅನ್ನುತ್ತಿದ್ದೆ.

ಮೊದಲು ಮಳೆ ವಿಷಯ ಬಿಡಿ. ಸಿಡಿಲು ಇದ್ದರೆ ದೋಣಿ ಹೊರಡಬಾರದು. ಬರೀ ಮಳೆಯಾದರೆ ಅದೊಂದೇ ಡೈವಿಂಗ್ ನಿಲ್ಲಿಸುವುದಿಲ್ಲ. ನಾವು ನೋಡುವುದು ಗಾಳಿ ಮತ್ತು ಅಲೆ. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ಒಳಗಿದೆ. ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಬೇಕು. ದ್ವೀಪದಲ್ಲಿ ಜನವಸತಿ ಇಲ್ಲ, ದೋಣಿ ಕಟ್ಟಿ ಇಳಿಯಲು ಜೆಟ್ಟಿ ಇಲ್ಲ. ಹೋದಮೇಲೆ ಸಮುದ್ರ ಕೆಟ್ಟರೆ ಅಷ್ಟೂ ದೂರ ಅದೇ ಅಲೆಯಲ್ಲಿ ವಾಪಸ್ ಬರಬೇಕು. ದೇವಸ್ಥಾನದ ಹತ್ತಿರ ನಿಂತು ನೋಡಿದಾಗ ಸಮುದ್ರ ತಿಳಿಯಾಗಿ ಕಂಡಿತು ಅಂದರೆ ಅಲ್ಲೂ ಹಾಗೇ ಇದೆ ಅಂತಲ್ಲ.

ಇನ್ನು ನಿಮ್ಮ ಗೆಳೆಯ ಹೇಳಿದ್ದು ಅರ್ಧ ನಿಜ. ಅಲೆಯ ಅಲುಗಾಟ ಕೆಳಗೆ ಹೋದಂತೆ ಕಡಿಮೆಯಾಗುತ್ತದೆ. ಆದರೆ ಎಷ್ಟು ಆಳಕ್ಕೆ ಹೋದರೆ ನಿಲ್ಲುತ್ತದೆ ಅನ್ನುವುದು ಅಲೆಯ ಎತ್ತರದ ಮೇಲಲ್ಲ, ಉದ್ದದ ಮೇಲೆ ನಿಂತಿದೆ. ಒಂದು ಅಲೆಯ ತಲೆಯಿಂದ ಮುಂದಿನ ಅಲೆಯ ತಲೆಯವರೆಗೆ ಎಷ್ಟು ದೂರವೋ, ಅದರ ಅರ್ಧದಷ್ಟು ಆಳದವರೆಗೆ ನೀರು ಅಲುಗುತ್ತದೆ. ಎರಡು ಅಲೆಗಳ ನಡುವೆ ಸೆಕೆಂಡು ಜಾಸ್ತಿ ಇದ್ದಷ್ಟೂ ಅಲೆ ಉದ್ದ. ಅಲ್ಲೇ ಬೀಸಿದ ಗಾಳಿಗೆ ಎದ್ದ, 5 ಸೆಕೆಂಡಿಗೊಂದು ಬರುವ ಅಲೆಯಾದರೆ ಸುಮಾರು 20 ಮೀಟರ್‌ಗೆ ಮುಗಿಯಿತು. ದೂರದ ಚಂಡಮಾರುತದಿಂದ ಹೊರಟು 14 ಸೆಕೆಂಡಿಗೊಂದು ಬರುವ ಸ್ವೆಲ್ (ಉದ್ದನೆಯ ಅಲೆ) ಆದರೆ ಅದು 150 ಮೀಟರ್ ಆಳದವರೆಗೂ ನೀರನ್ನು ಅಲುಗಿಸುತ್ತದೆ. ಮೊದಲ ಸಲ ಇಳಿಯುವವರನ್ನು ನಾವು 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯುವುದೇ ಇಲ್ಲ. ಅಂದರೆ ನೀವು ಪೂರ್ತಿ ಆ ಅಲುಗಾಟದ ಒಳಗೇ ಇರುತ್ತೀರಿ. ಎರಡು ಮೀಟರ್ ಮುಂದೆ, ಎರಡು ಮೀಟರ್ ಹಿಂದೆ. ಬಂಡೆ ಪಕ್ಕದ ಮೀನಿನ ಗುಂಪು ಇಡಿಯಾಗಿ ಆ ಕಡೆ ಈ ಕಡೆ ತೂಗುತ್ತಿರುತ್ತದೆ. ಮೀನಿಗೆ ಅದು ಅಭ್ಯಾಸ. ಮೊದಲ ಸಲ ಮಾಸ್ಕ್ ಹಾಕಿದವರಿಗೆ ಗಾಬರಿಯಾಗುತ್ತದೆ. ಗಾಬರಿಯಾದವರು ಉಸಿರು ಕಟ್ಟುತ್ತಾರೆ. ಡೈವಿಂಗಿನಲ್ಲಿ ಮಾಡಲೇಬಾರದ ಕೆಲಸ ಅದು. ಶ್ವಾಸಕೋಶದ ತುಂಬ ಗಾಳಿ ಹಿಡಿದು ಒಂದೂವರೆ ಮೀಟರ್ ಮೇಲೆ ಬಂದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಮೇಲೆ ಬಂದಂತೆ ಒತ್ತಡ ಕಡಿಮೆಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ.

ಆದರೂ ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಇರುವುದು ದೋಣಿಯ ಏಣಿ ಬಗ್ಗೆ. ಡೈವ್ ಮುಗಿಸಿ, ಸುಸ್ತಾಗಿ, ಮೇಲೆ ಬಂದಿರುತ್ತೀರಿ. ದೋಣಿಯ ಹಿಂಭಾಗ ಅಲೆಗೆ ಒಂದು ಮೀಟರ್ ಮೇಲೇಳುತ್ತದೆ, ಆಗ ಏಣಿಯ ಕೊನೆ ಮೆಟ್ಟಿಲು ನೀರಿಂದ ಹೊರಗಿರುತ್ತದೆ. ಮರುಕ್ಷಣ ಅಷ್ಟೂ ಕಬ್ಬಿಣ ನಿಮ್ಮ ತಲೆ ಮಟ್ಟಕ್ಕೆ ಬಂದು ಬಡಿಯುತ್ತದೆ. ಅನುಭವ ಇದ್ದವರು ಏಣಿ ಕೆಳಗಿಳಿದಾಗ ಹಿಡಿದು, ಅದು ಏಳುವಾಗ ಅದರ ಜೊತೆಗೇ ಏಳುತ್ತಾರೆ. ಮೇಲೆ ಹತ್ತುತ್ತಿರುವವರ ಕೆಳಗೆ ಯಾರೂ ಇರಬಾರದು, ಯಾಕೆಂದರೆ ಅವರು ಜಾರಿದರೆ ಸಿಲಿಂಡರ್ ಸಮೇತ ನಿಮ್ಮ ಮೇಲೆ ಬೀಳುತ್ತಾರೆ. ಕೆಟ್ಟ ಹವಾಮಾನದಲ್ಲಿ ಅಪಾಯ ತಳಕ್ಕಿಂತ ಮೇಲ್ಮೈಯಲ್ಲೇ ಜಾಸ್ತಿ ಸರ್. ಹತ್ತುವಾಗ, ಇಳಿಯುವಾಗ, ದೋಣಿಗೆ ಕಾಯುತ್ತ ತೇಲುವಾಗ.

ಶುಕ್ರವಾರ ಸಂಜೆ ನೀವೇ ನೋಡಬಹುದಾದ ಒಂದು ಜಾಗ ಇದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಸಮುದ್ರದ ಮುನ್ಸೂಚನೆ ಕೊಡುತ್ತದೆ. ಅಲೆಯ ಎತ್ತರದ ಜೊತೆ ಎಷ್ಟು ಸೆಕೆಂಡಿಗೊಂದು ಅಲೆ ಅನ್ನುವುದನ್ನೂ ಓದಿ. ಮೀನುಗಾರರು ಕಡಲಿಗೆ ಇಳಿಯಬಾರದು ಅಂತ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿದ್ದರೆ ಮುಗಿಯಿತು, ನಮ್ಮ ದೋಣಿಯೂ ಹೊರಡುವ ಹಾಗಿಲ್ಲ. ತೂಫಾನು ಎಲ್ಲೋ ದೂರ ಇದೆ ಅಂತ ಧೈರ್ಯ ಮಾಡಬೇಡಿ. 2017ರಲ್ಲಿ ಓಖಿ ಲಕ್ಷದ್ವೀಪದ ಮೇಲೆ ಹಾದು ಹೋದಾಗ ನಮ್ಮ ಕರಾವಳಿಯಲ್ಲೂ ಕಡಲು ಉಕ್ಕಿತ್ತು.

ಪ್ರಶ್ನೆ (ಅದೇ ದಾವಣಗೆರೆಯವರು): ಹಾಗಾದರೆ ಬೆಳಿಗ್ಗೆ ಹೋಗಬಹುದು ಅಂತ ತೀರ್ಮಾನ ಮಾಡುವವರು ಯಾರು ಸರ್?

ಉತ್ತರ: ದೋಣಿ ನಡೆಸುವವರು. ಅವರು ಬೇಡ ಅಂದಮೇಲೆ ಇನ್‌ಸ್ಟ್ರಕ್ಟರ್ ಕೂಡ ಮಾತಾಡುವ ಹಾಗಿಲ್ಲ. ಅವರು ಹೋಗಬಹುದು ಅಂದರೂ ಇನ್‌ಸ್ಟ್ರಕ್ಟರ್ ದ್ವೀಪದ ಹತ್ತಿರ ನೀರು ನೋಡಿ ಬೇಡ ಅನ್ನಬಹುದು. ಇಬ್ಬರೂ ಸರಿ ಅಂದರೂ ನೀವು ಬೇಡ ಅನ್ನಬಹುದು, ದೋಣಿಯ ಅಂಚಲ್ಲಿ ಸಿಲಿಂಡರ್ ಕಟ್ಟಿಕೊಂಡು ಕೂತ ಮೇಲೂ ಅನ್ನಬಹುದು. ಯಾರೂ ಕಾರಣ ಕೇಳಬಾರದು. ದುಡ್ಡಿನ ವಿಷಯ ಇವತ್ತೇ ಫೋನಲ್ಲಿ ಮಾತಾಡಿ ಮುಗಿಸಿ: ಹವಾಮಾನಕ್ಕೆ ನಿಂತರೆ ವಾಪಸ್ ಕೊಡುತ್ತಾರೋ, ಬೇರೆ ದಿನ ಕೊಡುತ್ತಾರೋ, ಮೆಸೇಜಿನಲ್ಲಿ ಬರೆಸಿಕೊಳ್ಳಿ. ದಡದಲ್ಲಿ ನಿಂತು ಅದಕ್ಕೆ ಜಗಳ ಮಾಡಿದರೆ ಹೊರಡುವ ಒತ್ತಡ ಬೀಳುತ್ತದೆ, ಅದು ಯಾರಿಗೂ ಒಳ್ಳೆಯದಲ್ಲ.

ಪ್ರಶ್ನೆ (ಶಿರಸಿಯಿಂದ): ನನಗೆ ಬಸ್ಸಲ್ಲೇ ವಾಂತಿ ಬರುತ್ತೆ ಸರ್. ನೀರೊಳಗೆ ಬಂದರೆ ಏನು ಗತಿ?

ಉತ್ತರ: ಮಾತ್ರೆ ತಗೊಳ್ಳಿ ಮೇಡಂ, ಆದರೆ ಡಾಕ್ಟರನ್ನು ಕೇಳಿ, ನಿದ್ದೆ ಬರಿಸದಂಥದ್ದು. ದೋಣಿ ಹತ್ತಿದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ, ಒಂದು ಗಂಟೆ ಮೊದಲೇ ಆಗಬೇಕು. ಬೆಳಿಗ್ಗೆ ಖಾಲಿ ಹೊಟ್ಟೆ ಬೇಡ, ಎರಡು ಇಡ್ಲಿ ಸಾಕು. ದೋಣಿಯಲ್ಲಿ ಮೊಬೈಲ್ ನೋಡದೆ ದೂರದ ಅಂಚನ್ನು ನೋಡುತ್ತಾ ಕೂರಿ. ಡೀಸೆಲ್ ಹೊಗೆ ಬರುವ ಕಡೆ ಕೂರಬೇಡಿ. ನೀರೊಳಗೆ ವಾಂತಿ ಬಂದರೆ ಬಾಯಿಂದ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡುವ ಸಾಧನ) ತೆಗೆಯಲೇಬಾರದು. ಅದರೊಳಗೇ ಮಾಡಿ, ಅದರ ಮುಂಭಾಗದ ಬಟನ್ ಒತ್ತಿದರೆ ಗಾಳಿ ರಭಸಕ್ಕೆ ಎಲ್ಲ ಹೊರಗೆ ಹೋಗುತ್ತದೆ, ಮತ್ತೆ ಉಸಿರಾಡಿ. ಕೇಳಲು ಅಸಹ್ಯ ಅನ್ನಿಸಬಹುದು, ಆದರೆ ಜೀವ ಉಳಿಸುವ ವಿಷಯ. ಇಷ್ಟಾಗಿಯೂ ದೋಣಿಯಲ್ಲೇ ವಾಂತಿಯಾಗಿ ಸುಸ್ತಾಗಿದ್ದರೆ ಇಳಿಯಬೇಡಿ. ನೆಗಡಿ, ಕಿವಿ ಕಟ್ಟಿರುವವರಿಗೂ ಇದೇ ಮಾತು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಕಿವಿ ತೆರೆಯದಿದ್ದರೆ ತಮಟೆ ಹರಿಯಬಹುದು.

ಪ್ರಶ್ನೆ (ಬೆಂಗಳೂರಿನಿಂದ): ಮಗಳಿಗೆ 11 ವರ್ಷ. ಕರೆದುಕೊಂಡು ಹೋಗಬಹುದಾ?

ಉತ್ತರ: 10 ದಾಟಿದ ಮಕ್ಕಳಿಗೆ ಅವಕಾಶ ಇದೆ. ಈ ವಾರ ಬೇಡ. ಡಿಸೆಂಬರ್, ಜನವರಿಯಲ್ಲಿ ಬನ್ನಿ, ನೀರು ತಿಳಿಯಾಗಿರುತ್ತದೆ, ಅವಳಿಗೂ ಖುಷಿ.

ಪ್ರಶ್ನೆ (ಮಂಗಳೂರಿನಿಂದ): ನಾವಿಬ್ಬರು ಕೋರ್ಸ್ ಮುಗಿಸಿದ ಡೈವರ್‌ಗಳು. ಸಮುದ್ರ ಸುಮಾರಾಗಿದ್ದರೆ ನಮಗೇನು ಬೇರೆ ಎಚ್ಚರಿಕೆ ಬೇಕಾ? ಹಾಗೇ ಇನ್ನೊಂದು: ಇಂಥ ಅಲೆಗೆ ಹವಳದ ಗತಿ ಏನು?

ಉತ್ತರ: ನಿಮ್ಮ ಕೆಲಸ ಕಷ್ಟವಾಗುವುದು ಕೊನೆಯ 5 ಮೀಟರಲ್ಲಿ. ಮೇಲೆ ಬರುವ ಮೊದಲು ಅಲ್ಲಿ 3 ನಿಮಿಷ ನಿಂತು ಕಾಯುವ ಸೇಫ್ಟಿ ಸ್ಟಾಪ್‌ನಲ್ಲಿ, ಸ್ವೆಲ್ ಇರುವಾಗ ಒಂದೇ ಆಳದಲ್ಲಿ ನಿಲ್ಲಲು ಆಗುವುದಿಲ್ಲ. ಲಂಗರದ ಹಗ್ಗ ಮೇಲೆ ಕೆಳಗೆ ಜಗ್ಗುತ್ತಿದ್ದರೆ ಬಿಗಿಯಾಗಿ ಹಿಡಿದುಕೊಳ್ಳಬೇಡಿ, ಅದು ನಿಮ್ಮನ್ನೂ ಜಗ್ಗುತ್ತದೆ. ಮೇಲೆ ಬರುವ ಮೊದಲು ಕಿತ್ತಳೆ ಬಣ್ಣದ ಮಾರ್ಕರ್ ಬಲೂನು ಬಿಡಿ. ಒಂದು ಮೀಟರ್ ಅಲೆಯ ನಡುವೆ ಮನುಷ್ಯನ ತಲೆ ನೂರು ಮೀಟರ್ ದೂರದಿಂದಲೂ ಕಾಣುವುದು ಕಷ್ಟ. ಜೊತೆಗಾರ ಕಾಣದಿದ್ದರೆ ಒಂದು ನಿಮಿಷ ಹುಡುಕಿ, ಸಿಗದಿದ್ದರೆ ನಿಧಾನವಾಗಿ ಮೇಲೆ ಬನ್ನಿ. ಈ ಮಾತು ಇಬ್ಬರೂ ಇಳಿಯುವ ಮೊದಲೇ ಆಡಿಕೊಂಡಿರಬೇಕು.

ಹವಳದ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು, ಜನ ಕೇಳುವುದೇ ಕಡಿಮೆ. ಹವಳ ಅಂದರೆ ಜೀವಿ. ಕವಲು ಕವಲಾಗಿ ಬೆಳೆಯುವ ಜಾತಿಗಳು ದೊಡ್ಡ ಅಲೆಗೆ ಮುರಿಯುತ್ತವೆ. ಗುಂಡಗೆ ಬಂಡೆಯಂತೆ ಬೆಳೆಯುವವು ತಡೆದುಕೊಳ್ಳುತ್ತವೆ, ಆದರೆ ಅವು ವರ್ಷಕ್ಕೆ ಬೆಳೆಯುವುದೇ ಒಂದು ಸೆಂಟಿಮೀಟರ್ ಆಸುಪಾಸು. ಅಲೆ ಎಬ್ಬಿಸಿದ ಕೆಸರು ಮೇಲೆ ಕೂತರೆ ಬೆಳಕು ಸಿಗದೆ ಸೊರಗುತ್ತವೆ. ತೂಫಾನು ಬರುವುದನ್ನು ನಾವು ತಡೆಯಲಾರೆವು. ಅಲೆಗೆ ಹೆದರಿ ಕೈಗೆ ಸಿಕ್ಕ ಹವಳ ಹಿಡಿಯುವುದನ್ನು, ಫಿನ್ಸ್‌ನಿಂದ ಒದೆಯುವುದನ್ನು, ಬಂಡೆಯ ಮೇಲೆ ಲಂಗರು ಎಸೆಯುವುದನ್ನು ತಡೆಯಬಹುದು. ಅಲುಗಾಟ ಇರುವ ದಿನ ಬಂಡೆಯಿಂದ ಎರಡು ಮೀಟರ್ ದೂರ ಇರಿ. ನಿಮಗೂ ಅದೇ ಒಳ್ಳೆಯದು: ಆ ಸಂದುಗಳಲ್ಲೇ ಸಿಂಹಮೀನು, ಮುಳ್ಳಿನ ಸೀ ಅರ್ಚಿನ್ ಇರುತ್ತವೆ, ಹವಳ ತರಚಿದ ಗಾಯ ಬೇಗ ಮಾಯುವುದೂ ಇಲ್ಲ. ಮುರಿದು ತಳದಲ್ಲಿ ಬಿದ್ದ ತುಂಡನ್ನೂ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲೇ, ಹವಳವೂ ಇದೆ.

ಪ್ರಶ್ನೆ (ದಾವಣಗೆರೆಯವರು): ಕೊನೆಯದಾಗಿ ಸರ್, ಡೈವ್ ಆದರೆ ಮಧ್ಯಾಹ್ನವೇ ಊಟ ಮಾಡಿ ಹೊರಡೋಣ ಅಂತಿದ್ದೇವೆ. ರಾತ್ರಿಯೊಳಗೆ ಮನೆ ಸೇರಬಹುದು ಅಲ್ವಾ?

ಉತ್ತರ: ರಾತ್ರಿ ಕರಾವಳಿಯಲ್ಲೇ ಉಳಿಯಿರಿ ಸರ್. ಡೈವ್ ಆದಮೇಲೆ ದೇಹದಲ್ಲಿ ಸ್ವಲ್ಪ ಜಾಸ್ತಿ ನೈಟ್ರೋಜನ್ ಉಳಿದಿರುತ್ತದೆ, ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಬಹುದು. ವಿಮಾನಕ್ಕಾದರೆ ಒಂದು ಡೈವಿಗೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವಿಗೆ 18 ಗಂಟೆ ಬಿಡಬೇಕು. ನಿಮ್ಮದು ಆಳ ಕಡಿಮೆ, ಅಪಾಯವೂ ಕಡಿಮೆ. ಆದರೆ ದಾವಣಗೆರೆಗೆ ಹೋಗಲು ಘಟ್ಟ ಹತ್ತಲೇಬೇಕು, ಅದೂ ಮಳೆಯಲ್ಲಿ, ಸುಸ್ತಾದ ಡ್ರೈವರ್ ಜೊತೆ. ಮರುದಿನ ಬೆಳಿಗ್ಗೆ ತಿಂಡಿ ಮಾಡಿ ಹೊರಡಿ. ಅಷ್ಟರಲ್ಲಿ ಯಾರಿಗಾದರೂ ಕೀಲು ನೋವು, ಕೈಕಾಲು ಜುಮ್ಮೆನ್ನುವುದು, ವಿಪರೀತ ಸುಸ್ತು ಕಂಡರೆ ಘಟ್ಟ ಹತ್ತಬೇಡಿ. ಆಮ್ಲಜನಕ ಇರುವ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದೇವೆ ಅಂತ ಮೊದಲ ಮಾತಲ್ಲೇ ಹೇಳಿ.